ಗೇಮ್ ಬಾಯ್ ಅಡ್ವಾನ್ಸ್‌ಗೆ ಹೊಸ ಪರದೆ, ಸ್ಪೀಕರ್, ಬ್ಯಾಟರಿ: ಯಾವುದನ್ನು ಮೊದಲು ಬೆಸೆಯಬೇಕು?

ನಿಂಟೆಂಡೊದ ಹಳೆಯ ಕೈಗೇಮ್ ಯಂತ್ರ ಗೇಮ್ ಬಾಯ್ ಅಡ್ವಾನ್ಸ್‌ಗೆ ಅಂತ ಐಪಿಎಸ್ (ಒಂದು ಬಗೆಯ ಎಲ್‌ಸಿಡಿ) ಪರದೆ, ಹೊಸ ಸ್ಪೀಕರ್, ಚಾರ್ಜ್ ಆಗುವ ಲಿಥಿಯಂ ಬ್ಯಾಟರಿ, ಮೂರನ್ನೂ ತರಿಸಿದ್ದೀರಿ. ಸೋಲ್ಡರಿಂಗ್ ಇದೇ ಮೊದಲು, ಯಾವ ಕ್ರಮದಲ್ಲಿ ಮಾಡಲಿ ಅಂತ ಕೇಳಿದ್ದೀರಿ. ಬ್ಯಾಟರಿ ಕಟ್ಟಕಡೆಗೆ. ಉಳಿದದ್ದು ಸ್ವಲ್ಪ ಹಿಂದೆಮುಂದೆ ಆದರೂ ನಡೆಯುತ್ತದೆ, ಇದು ಮಾತ್ರ ನಡೆಯುವುದಿಲ್ಲ.

ನಾನು ಮೊದಲ ಸಲ ಬ್ಯಾಟರಿಯನ್ನೇ ಮೊದಲು ಹಾಕಿದ್ದೆ. ಬ್ಯಾಟರಿ ತಾಗುವ ದೊಡ್ಡ ತಗಡು, ದೊಡ್ಡ ಬೆಸುಗೆ, ಸುಲಭ ಅಲ್ವಾ ಅಂತ. ಆಮೇಲೆ ಅದನ್ನು ಹಾಗೇ ಬಿಟ್ಟು ಪರದೆಯ ವೈರ್ ಬೆಸೆಯಲು ಕೂತೆ. ಸ್ವಿಚ್ ಆಫ್ ಇತ್ತು, ನಿಜ. ಆದರೆ ಸ್ವಿಚ್ಚಿನ ಬಾಗಿಲ ತನಕ ಕರೆಂಟ್ ಬಂದು ನಿಂತೇ ಇರುತ್ತದಲ್ಲ. ಸೋಲ್ಡರಿಂಗ್ ಐರನ್ನಿನ ಬಿಸಿ ತುದಿ ಜಾರಿತು, ಚಿಟಕ್ ಅಂತ ಒಂದು ಕಿಡಿ, ಫ್ಯೂಸ್ ಹೋಯಿತು. ಬೋರ್ಡಿನ ಮೇಲೆ ಎಫ್1 ಅಂತ ಬರೆದಿರುವ, ಅಕ್ಕಿಕಾಳಿಗಿಂತ ಚಿಕ್ಕದಾದ ಫ್ಯೂಸ್ ಅದು. ಬದಲಿಸುವಷ್ಟರಲ್ಲಿ ಒಂದು ಭಾನುವಾರ ಪೂರ್ತಿ ಮುಗಿದಿತ್ತು.

ಏನನ್ನೂ ಬಿಚ್ಚುವ ಮೊದಲು ಎರಡು ಎಎ ಸೆಲ್ ಹಾಕಿ ಹತ್ತು ನಿಮಿಷ ಆಡಿ. ಎಲ್, ಆರ್ ಸೇರಿ ಎಲ್ಲ ಬಟನ್ ಒತ್ತಿ ನೋಡಿ. ಹಳೆಯ ದೋಷ ಇದ್ದರೆ ಈಗಲೇ ಗೊತ್ತಾಗಲಿ. ಇಲ್ಲದಿದ್ದರೆ ಆಮೇಲೆ ಸುಮ್ನೆ ನಿಮ್ಮ ಬೆಸುಗೆಯನ್ನೇ ಅನುಮಾನಿಸುತ್ತಾ ಕೂರುತ್ತೀರಿ. ಬಿಚ್ಚಿದ ಮೇಲೆ ಪವರ್ ಸ್ವಿಚ್ಚಿಗೆ ಎರಡು ಹನಿ ಐಸೊಪ್ರೊಪೈಲ್ ಆಲ್ಕೋಹಾಲ್ ಬಿಟ್ಟು ಇಪ್ಪತ್ತು ಸಲ ಹಿಂದೆಮುಂದೆ ಆಡಿಸಿ. ಇದು 2001ರಲ್ಲಿ ಬಂದ ಯಂತ್ರ, ಒಳಗೆ ಕಿಲುಬು ಇದ್ದೇ ಇರುತ್ತದೆ. ಹೊಸ ಪರದೆ ಹಳೆಯದಕ್ಕಿಂತ ಜಾಸ್ತಿ ಕರೆಂಟ್ ಎಳೆಯುತ್ತದೆ. ಸ್ವಿಚ್ ಕೊಳೆಯಾಗಿದ್ದರೆ ಹೊಸ ಸೆಲ್ ಹಾಕಿದರೂ ಹಸಿರು ದೀಪ ಕೆಂಪಾಗಿ ಆಟ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಎಷ್ಟೋ ಜನ ಆಗ ಪರದೆಯನ್ನೇ ಬೈಯುತ್ತಾರೆ, ಪಾಪ.

ಈಗ ಪರದೆಯ ಪಟ್ಟಿಯನ್ನಷ್ಟೇ (ಚಪ್ಪಟೆ ರಿಬ್ಬನ್ ಕೇಬಲ್) ಸಿಕ್ಕಿಸಿ, ಎಎ ಸೆಲ್ ಹಾಕಿ ನೋಡಿ, ಬೆಸುಗೆ ಬೇಡ. ಬೋರ್ಡಿನ ಕನೆಕ್ಟರ್ 40 ಪಿನ್ನಿನದೋ 32 ಪಿನ್ನಿನದೋ ನೋಡಿಕೊಳ್ಳಿ, ಎರಡೂ ಬಗೆ ಇವೆ. ಅದರ ಲಾಕ್ ಬಹಳ ನಾಜೂಕು. ಎರಡೂ ತುದಿಯನ್ನು ಉಗುರಿನಿಂದ ಸ್ವಲ್ಪಸ್ವಲ್ಪವೇ ಸರಿಸಿ. ಚಿತ್ರ ಬಂತಾ? ಸೆಲ್, ಪರದೆ ಎರಡನ್ನೂ ತೆಗೆದು ಪಕ್ಕಕ್ಕಿಡಿ. ಹಳೆಯ ಕವಚವನ್ನೇ ಉಳಿಸಿಕೊಳ್ಳುವುದಾದರೆ ಒಳಗಿನ ಪ್ಲಾಸ್ಟಿಕ್ ಕತ್ತರಿಸುವ ಕೆಲಸ ಈಗಲೇ ಮುಗಿಯಲಿ. ವೈರ್ ಬೆಸೆದ ಮೇಲೆ ಹತ್ತು ಸಲ ಕೂರಿಸಿ ತೆಗೆದರೆ ಬೆಸುಗೆಯ ಬುಡದಲ್ಲೇ ವೈರ್ ತುಂಡಾಗುತ್ತದೆ.

ಮೊದಲ ಬೆಸುಗೆ ಸ್ಪೀಕರಿನದು. ಎರಡೇ ವೈರ್, ಜಾಗವೂ ಧಾರಾಳ. ಕೈ ಪಳಗಲಿ.

ಆಮೇಲೆ ಪರದೆಯ ಬೆಳಕು ಹೆಚ್ಚು ಕಡಿಮೆ ಮಾಡುವ ಮೂರು ತೆಳು ವೈರ್. ಸೆಲೆಕ್ಟ್ ಬಟನ್ನಿಗೆ ಟಿಪಿ2 (ಟಿಪಿ ಅಂದರೆ ಟೆಸ್ಟ್ ಪಾಯಿಂಟ್), ಆರ್‌ಗೆ ಟಿಪಿ8, ಎಲ್‌ಗೆ ಟಿಪಿ9. ಬೋರ್ಡಿನ ಮೇಲೆಯೇ ಬರೆದಿರುತ್ತದೆ, ಪುಟ್ಟ ದುಂಡು ಚುಕ್ಕೆಗಳು. ನಿಜವಾದ ಅಪಾಯ ಇಲ್ಲಿದೆ. 63/37 ಸೀಸ (63 ಪಾಲು ತವರ, 37 ಪಾಲು ಸೀಸ ಇರುವ ಸೋಲ್ಡರ್ ತಂತಿ) ತಗೊಳ್ಳಿ, 183 ಡಿಗ್ರಿ ಸೆಲ್ಸಿಯಸ್‌ಗೇ ಕರಗುತ್ತದೆ. ಐರನ್ 330–340ರಲ್ಲಿ ಇರಲಿ. ಚುಕ್ಕೆಗೆ ಫ್ಲಕ್ಸ್ (ಸೀಸ ಚೆನ್ನಾಗಿ ಹಿಡಿಯಲು ಹಚ್ಚುವ ಅಂಟು) ಹಚ್ಚಿ ಒಂದು ತೊಟ್ಟು ಸೀಸ, ವೈರಿನ ತುದಿಗೂ ಒಂದು ತೊಟ್ಟು. ಎರಡನ್ನೂ ಸೇರಿಸಿ ಒಂದೆರಡು ಸೆಕೆಂಡ್ ಐರನ್ ಮುಟ್ಟಿಸಿದರೆ ಮುಗಿಯಿತು. ಹಿಡಿಯಿತಾ ಅಂತ ವೈರ್ ಎಳೆದು ನೋಡಬೇಡಿ! ನಾನು ಹಾಗೆ ಎಳೆದು ಟಿಪಿ8ನ್ನು ಕಿತ್ತುಹಾಕಿದ್ದೇನೆ. ಕೊನೆಗೆ ವೈರನ್ನು ಆರ್ ಬಟನ್ನಿನ ಕಾಲಿಗೇ ಬೆಸೆದು ಬಚಾವಾದೆ. ಬೆಸೆದ ತಕ್ಷಣ ಪಕ್ಕದಲ್ಲಿ ಕ್ಯಾಪ್ಟಾನ್ ಟೇಪ್ (ಶಾಖ ತಡೆಯುವ ಟೇಪ್) ಅಂಟಿಸಿ. ಸ್ಕ್ರೂ ಕಂಬ, ಬಟನ್ನಿನ ರಬ್ಬರ್ ಇವುಗಳ ಮೇಲೆ ವೈರ್ ಹಾಯಬಾರದು. ಕವಚ ಮುಚ್ಚಿದಾಗ ಜಜ್ಜಿಹೋಗುತ್ತದೆ.

ಸರಿಯಾಗಿದೆಯಾ ಅಂತ ನೋಡಲು ಕರೆಂಟ್ ಬೇಕಿಲ್ಲ. ಬಟನ್ ಒತ್ತಿದಾಗ ಆ ಚುಕ್ಕೆ ಗ್ರೌಂಡ್‌ಗೆ, ಅಂದರೆ ಮೈನಸ್‌ಗೆ, ಸೇರುತ್ತದೆ, ಅಷ್ಟೇ. ಮಲ್ಟಿಮೀಟರನ್ನು ಬೀಪ್ ಮೋಡಿಗೆ ಹಾಕಿ, ಒಂದು ಕಡ್ಡಿ ವೈರಿನ ಇನ್ನೊಂದು ತುದಿಗೆ, ಇನ್ನೊಂದು ಕಡ್ಡಿ ಬ್ಯಾಟರಿಯ ಮೈನಸ್ ತಗಡಿಗೆ. ಎಲ್ ಒತ್ತಿದರೆ ಬೀಪ್ ಬರಬೇಕು, ಬಿಟ್ಟರೆ ನಿಲ್ಲಬೇಕು. ಒತ್ತದೆಯೇ ಬೀಪ್ ಬಂದರೆ ಸೀಸ ಎಲ್ಲೋ ಹರಡಿದೆ. ಸೆಲೆಕ್ಟ್ ಮಾತ್ರ ಬೇರೆ. ಅದರ ರಬ್ಬರಿನ ಕರಿ ಚುಕ್ಕೆಗೆ ತನ್ನದೇ ರೆಸಿಸ್ಟೆನ್ಸ್ ಇರುವುದರಿಂದ ಬೀಪ್ ಬಾರದೇ ಇರಬಹುದು. ಅಲ್ಲಿ ಓಮ್ ಅಂಕಿ ಇಳಿಯುತ್ತದಾ ನೋಡಿ.

ಇನ್ನು ಬ್ಯಾಟರಿ. ತುಂಬಿದ ಲಿಥಿಯಂ ಸೆಲ್ 4.2 ವೋಲ್ಟ್, ಈ ಯಂತ್ರ ಕೇಳುವುದು ಎರಡು ಸೆಲ್ಲಿನ 3 ವೋಲ್ಟ್. ಹಾಗಾಗಿ ಕಿಟ್‌ನಲ್ಲಿ ವೋಲ್ಟೇಜ್ ಇಳಿಸುವ ಪುಟ್ಟ ಬೋರ್ಡ್ ಇರಲೇಬೇಕು, ಸೆಲ್ಲನ್ನು ನೇರ ಜೋಡಿಸುವಂತಿಲ್ಲ. ಬ್ಯಾಟರಿಯ ಪ್ಲಗ್ ಕಳಚಿಟ್ಟು ವೈರ್‌ಗಳನ್ನು ಬೆಸೆಯಿರಿ. ಸೆಲ್ಲಿಗೆ ಐರನ್ ಸೋಕಲೇಬಾರದು. ದೊಡ್ಡ ತಗಡು ಶಾಖ ಎಳೆದುಕೊಳ್ಳುತ್ತದೆ, ಅಗಲ ತುದಿ ಹಾಕಿ. ಪ್ಲಸ್, ಮೈನಸ್ ನಡುವೆ ಒಮ್ಮೆ ಮೀಟರ್ ಇಟ್ಟು ನೋಡಿ. ಬೀಪ್ ಇಲ್ಲ ಅಂದರೆ ಮಾತ್ರ ಪ್ಲಗ್ ಸಿಕ್ಕಿಸಿ.

ನಿಮ್ಮ ಪರದೆಯಲ್ಲಿ ಬೆಳಕಿಗೆ ಟಚ್ ಇದ್ದರೆ ಆ ಮೂರು ವೈರನ್ನೇ ಬಿಟ್ಟುಬಿಡಬಹುದು. ಮೊದಲ ಸಲಕ್ಕೆ ನಾನಾಗಿದ್ದರೆ ಹಾಗೇ ಮಾಡುತ್ತಿದ್ದೆ.