ಓದುಗರ ಪ್ರಶ್ನೆ: ಫಾರ್ಮ್ಯಾಟ್ ಆದ ಮೇಲೆ ಸೌಂಡ್ ಬಾರದಿದ್ದರೆ

ಪ್ರಶ್ನೆ: ನಿಧಾನವಾಗಿದ್ದ ಲ್ಯಾಪ್‌ಟಾಪ್‌ಗೆ ವಿಂಡೋಸ್ 11 ಹೊಸದಾಗಿ ಹಾಕಿಸಿದೆ. ಅಂದಿನಿಂದ ಸೌಂಡೇ ಇಲ್ಲ. ಅಂಗಡಿಯವರು ಸ್ಪೀಕರ್ ಹೋಗಿದೆ, ಬದಲಾಯಿಸಬೇಕು ಎನ್ನುತ್ತಾರೆ. ನಿಜವೇ?
– ಓದುಗರು, ಬಸವನಗುಡಿ

ಉತ್ತರ: ಸದ್ಯಕ್ಕೆ ಸ್ಪೀಕರಿಗೆ ದುಡ್ಡು ಕೊಡಬೇಡಿ. ಹಿಂದಿನ ದಿನದವರೆಗೂ ಚೆನ್ನಾಗಿ ಕೇಳಿಸುತ್ತಿದ್ದ ಎರಡೂ ಸ್ಪೀಕರ್ ಒಟ್ಟಿಗೇ ಕೆಡುವುದು ಬಹಳ ಅಪರೂಪ. ಸಾಮಾನ್ಯವಾಗಿ ಇಲ್ಲವಾಗಿರುವುದು ಡ್ರೈವರ್, ಅಂದರೆ ವಿಂಡೋಸ್ ಸೌಂಡ್ ಚಿಪ್ಪನ್ನು ನಡೆಸಲು ಬೇಕಾದ ಸಾಫ್ಟ್‌ವೇರ್.

ಒಂದು ಹಾಡು ಹಾಕಿ. ಸೆಟ್ಟಿಂಗ್ಸ್, ಸಿಸ್ಟಮ್, ಸೌಂಡ್ ತೆರೆದು ಕೊನೆಯಲ್ಲಿರುವ ‘ಮೋರ್ ಸೌಂಡ್ ಸೆಟ್ಟಿಂಗ್ಸ್’ ಒತ್ತಿ. ಪ್ಲೇಬ್ಯಾಕ್ ಪಟ್ಟಿಯಲ್ಲಿ ಪ್ರತಿ ಹೆಸರಿನ ಪಕ್ಕ ಸಣ್ಣ ಗೆರೆಗಳಿರುತ್ತವೆ. ಸೌಂಡ್ ಹೋಗುತ್ತಿರುವ ಕಡೆ ಅವು ಹಸಿರಾಗಿ ಏರಿಳಿಯುತ್ತವೆ. ಮಾನಿಟರ್ ಅಥವಾ ಟಿವಿಯ ಹೆಸರಿನ ಪಕ್ಕ ಕುಣಿಯುತ್ತಿದ್ದರೆ ಸೌಂಡ್ ಎಚ್‌ಡಿಎಂಐ ಕೇಬಲ್‌ನಲ್ಲಿ ಹೊರಟಿದೆ. ‘ಸ್ಪೀಕರ್ಸ್’ ಮೇಲೆ ರೈಟ್ ಕ್ಲಿಕ್ ಮಾಡಿ ಡೀಫಾಲ್ಟ್ ಮಾಡಿದರೆ ಮುಗಿಯಿತು. ಸ್ಪೀಕರ್ಸ್ ಎದುರೇ ಕುಣಿದೂ ಸದ್ದಿಲ್ಲದಿದ್ದರೆ ಇಯರ್‌ಫೋನ್ ಹಾಕಿ ನೋಡಿ; ಅದರಲ್ಲಿ ಕೇಳಿಸಿದರೆ ಮಾತ್ರ ಸ್ಪೀಕರ್ ಮೇಲೆ ಅನುಮಾನ ಪಡಬಹುದು. ಪಟ್ಟಿಯಲ್ಲಿ ಸ್ಪೀಕರ್ಸ್ ಎಂಬುದೇ ಇಲ್ಲದಿದ್ದರೆ ಮುಂದಿನದನ್ನು ಗಮನವಿಟ್ಟು ಓದಿ.

ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ ಡಿವೈಸ್ ಮ್ಯಾನೇಜರ್ ತೆರೆಯಿರಿ. ಹಳದಿ ಗುರುತಿನ ‘ಮಲ್ಟಿಮೀಡಿಯಾ ಆಡಿಯೊ ಕಂಟ್ರೋಲರ್’ ಕಂಡರೆ ಅದರ ಪ್ರಾಪರ್ಟೀಸ್, ಡೀಟೇಲ್ಸ್, ಹಾರ್ಡ್‌ವೇರ್ ಐಡಿಸ್ ನೋಡಿ. ‘ವಿಇಎನ್’ ನಂತರದ ನಾಲ್ಕು ಅಕ್ಷರ ತಯಾರಕರ ಗುರುತು: 10ಇಸಿ ಎಂದರೆ ರಿಯಲ್‌ಟೆಕ್, 8086 ಇಂಟೆಲ್, 1002 ಎಎಂಡಿ. ಬಹುತೇಕರು ಎಡವುವುದು 8086 ಬಂದಾಗ. ಈಚಿನ ಹಲವು ಇಂಟೆಲ್ ಲ್ಯಾಪ್‌ಟಾಪ್‌ಗಳಲ್ಲಿ ರಿಯಲ್‌ಟೆಕ್ ಚಿಪ್ ‘ಇಂಟೆಲ್ ಸ್ಮಾರ್ಟ್ ಸೌಂಡ್’ ಎಂಬುದರ ಹಿಂದೆ ಕೂತಿರುತ್ತದೆ. ಆ ಡ್ರೈವರ್ ಇಲ್ಲದೆ ವಿಂಡೋಸ್ ಕಣ್ಣಿಗೆ ರಿಯಲ್‌ಟೆಕ್ ಚಿಪ್ ಬೀಳುವುದೇ ಇಲ್ಲ. ರಿಯಲ್‌ಟೆಕ್ ಡ್ರೈವರನ್ನು ಎಷ್ಟು ಸಲ ಹಾಕಿದರೂ ವ್ಯರ್ಥ. ಆದ್ದರಿಂದ ಮೊದಲು ಚಿಪ್‌ಸೆಟ್ (ಮದರ್‌ಬೋರ್ಡ್‌ನ ಮುಖ್ಯ ಚಿಪ್‌ಗಳ) ಡ್ರೈವರ್, ಆಮೇಲೆ ಸ್ಮಾರ್ಟ್ ಸೌಂಡ್, ಒಮ್ಮೆ ರೀಸ್ಟಾರ್ಟ್, ಕೊನೆಗೆ ರಿಯಲ್‌ಟೆಕ್.

ಇವೆಲ್ಲವನ್ನೂ ಲ್ಯಾಪ್‌ಟಾಪ್ ತಳದಲ್ಲಿರುವ ಮಾಡೆಲ್ ನಂಬರ್ ಕೊಟ್ಟು ತಯಾರಕರ ಸಪೋರ್ಟ್ ಪುಟದಿಂದಲೇ ಇಳಿಸಿಕೊಳ್ಳಿ. ಪುಕ್ಕಟೆ ಸಿಗುವ ಡ್ರೈವರ್ ಪ್ಯಾಕ್‌ಗಳ ಸಹವಾಸ ಬೇಡವೇ ಬೇಡ. ಬೇಡದ ಸಾಫ್ಟ್‌ವೇರ್‌ಗಳೂ ಜೊತೆಗೆ ಬಂದು ಸೇರಿಕೊಳ್ಳುತ್ತವೆ. ವೈಫೈ ಕೂಡ ಇಲ್ಲವೆಂದರೆ ಆಂಡ್ರಾಯ್ಡ್ ಮೊಬೈಲನ್ನು ಕೇಬಲ್‌ನಲ್ಲಿ ಜೋಡಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ, ಮೊಬೈಲಿನ ಇಂಟರ್ನೆಟ್ ಲ್ಯಾಪ್‌ಟಾಪ್‌ಗೆ ಸಿಗುತ್ತದೆ.

ಸಿ ಡ್ರೈವ್ ಅಳಿಸದೆ ಹಳೆಯದರ ಮೇಲೇ ವಿಂಡೋಸ್ ಹಾಕಿದ್ದರೆ ‘ವಿಂಡೋಸ್ ಡಾಟ್ ಓಲ್ಡ್’ ಫೋಲ್ಡರ್ ಉಳಿದಿರಬಹುದು. ಅದರ ಒಳಗಿನ ವಿಂಡೋಸ್, ಸಿಸ್ಟಮ್32, ಡ್ರೈವರ್‌ಸ್ಟೋರ್‌ನಲ್ಲಿ ನಿಮ್ಮ ಹಳೆಯ ಡ್ರೈವರ್‌ಗಳೇ ಇರುತ್ತವೆ. ಡಿವೈಸ್ ಮ್ಯಾನೇಜರ್‌ನಲ್ಲಿ ಹಳದಿ ಗುರುತಿನದರ ಮೇಲೆ ರೈಟ್ ಕ್ಲಿಕ್ ಮಾಡಿ ‘ಅಪ್‌ಡೇಟ್ ಡ್ರೈವರ್’ ಒತ್ತಿ ಆ ಫೋಲ್ಡರ್ ತೋರಿಸಿ. ಸಾಮಾನ್ಯವಾಗಿ 10 ದಿನಗಳ ನಂತರ ವಿಂಡೋಸ್ ಅದನ್ನು ತಾನೇ ಅಳಿಸುತ್ತದೆ, ತಡಮಾಡಬೇಡಿ.

ಪ್ರಶ್ನೆ: ಡೆಸ್ಕ್‌ಟಾಪ್‌ಗೆ ವಿಂಡೋಸ್ ಮತ್ತೆ ಹಾಕಿದ ಮೇಲೆ ಹಿಂಭಾಗದ ಹಸಿರು ಜ್ಯಾಕ್ ಕೆಲಸ ಮಾಡುತ್ತಿದೆ, ಕ್ಯಾಬಿನೆಟ್ ಮುಂದಿನದು ಸತ್ತಿದೆ.
– ಓದುಗರು, ಯಲಹಂಕ

ಉತ್ತರ: ಕ್ಯಾಬಿನೆಟ್ ಹಳೆಯದಿರಬೇಕು. ಎಸಿ97 ಎಂಬ ಹಳೆಯ ಮಾದರಿಯ ಮುಂಭಾಗದ ಜ್ಯಾಕ್‌ಗಳಿಗೆ ಪ್ಲಗ್ ಚುಚ್ಚಿದ್ದನ್ನು ಬೋರ್ಡ್‌ಗೆ ತಿಳಿಸುವ ವ್ಯವಸ್ಥೆ ಇಲ್ಲ. ರಿಯಲ್‌ಟೆಕ್ ಆಡಿಯೊ ಮ್ಯಾನೇಜರ್‌ನ ಕನೆಕ್ಟರ್ ಸೆಟ್ಟಿಂಗ್ಸ್‌ನಲ್ಲಿ ‘ಡಿಸೇಬಲ್ ಫ್ರಂಟ್ ಪ್ಯಾನೆಲ್ ಜ್ಯಾಕ್ ಡಿಟೆಕ್ಷನ್’ ಎಂಬುದಕ್ಕೆ ಹಿಂದೆ ಯಾರೋ ಟಿಕ್ ಹಾಕಿದ್ದಿರಬಹುದು. ವಿಂಡೋಸ್ ಜೊತೆ ಅದೂ ಅಳಿಸಿಹೋಗಿದೆ. ಮದರ್‌ಬೋರ್ಡ್ ತಯಾರಕರ ಡ್ರೈವರ್ ಹಾಕಿ ಆ ಟಿಕ್ ಮತ್ತೆ ಹಾಕಿ. ಆಗಲೂ ಬರದಿದ್ದರೆ ಮಾತ್ರ ಪವರ್ ಕೇಬಲ್ ಕಿತ್ತು ಕ್ಯಾಬಿನೆಟ್ ಬಿಚ್ಚಿ: ಮುಂಭಾಗದ ವೈರ್‌ಗೆ ಎರಡು ಕನೆಕ್ಟರ್ ಇದ್ದರೆ ‘ಎಚ್‌ಡಿ ಆಡಿಯೊ’ ಎಂದಿರುವುದನ್ನೇ ಮದರ್‌ಬೋರ್ಡ್ ಮೇಲಿನ 9 ಪಿನ್‌ಗಳ ಆಡಿಯೊ ಹೆಡರ್‌ಗೆ (ಪಿನ್‌ಗಳ ಗುಂಪಿಗೆ) ಕೂರಿಸಬೇಕು. ಅದೂ ಕೈಕೊಟ್ಟರೆ ಎಸ್.ಪಿ. ರಸ್ತೆಯಲ್ಲಿ ಯುಎಸ್‌ಬಿ ಸೌಂಡ್ ಕಾರ್ಡ್ ಅಗ್ಗಕ್ಕೆ ಸಿಗುತ್ತದೆ, ಹೆಡ್‌ಫೋನ್‌ಗೆ ಸಾಕು.

ಪ್ರಶ್ನೆ: ವಿಂಡೋಸ್ ಪಕ್ಕದಲ್ಲೇ ಉಬುಂಟು ಹಾಕಿದೆ. ಸೌಂಡ್ ಸೆಟ್ಟಿಂಗ್ಸ್‌ನಲ್ಲಿ ‘ಡಮ್ಮಿ ಔಟ್‌ಪುಟ್’ ಅಂತ ಬರುತ್ತಿದೆ.
– ಓದುಗರು, ವಿಜಯನಗರ

ಉತ್ತರ: ಉಬುಂಟುಗೆ ಸೌಂಡ್ ಕಾರ್ಡ್ ಸಿಕ್ಕಿಲ್ಲ ಎಂದರ್ಥ. ಎಲ್ಲ ಅಪ್‌ಡೇಟ್ ಹಾಕಿ ರೀಸ್ಟಾರ್ಟ್ ಮಾಡಿ. ಹೊಸ ಲ್ಯಾಪ್‌ಟಾಪ್‌ಗಳಿಗೆ ಬೇಕಾದ ಫರ್ಮ್‌ವೇರ್ (ಚಿಪ್‌ನೊಳಗೆ ಓಡುವ ಸಾಫ್ಟ್‌ವೇರ್) ಅದರಲ್ಲೇ ಬರುತ್ತದೆ. ವಿಂಡೋಸ್‌ನಲ್ಲಿ ‘ಫಾಸ್ಟ್ ಸ್ಟಾರ್ಟಪ್’ ಆಫ್ ಮಾಡಿ. ಅದು ಆನ್ ಇದ್ದರೆ ವಿಂಡೋಸ್ ಪೂರ್ತಿ ಶಟ್‌ಡೌನ್ ಆಗುವುದಿಲ್ಲ, ಕೆಲವೊಮ್ಮೆ ಚಿಪ್ ಉಬುಂಟುಗೆ ಸರಿಯಾಗಿ ಸಿಗುವುದಿಲ್ಲ. ಕಾರ್ಡ್ ಕಂಡೂ ಸದ್ದಿಲ್ಲದಿದ್ದರೆ ಟರ್ಮಿನಲ್‌ನಲ್ಲಿ alsamixer (ಅಲ್ಸಾಮಿಕ್ಸರ್) ಎಂದು ಟೈಪ್ ಮಾಡಿ ತೆರೆದು ಎಫ್6 ಒತ್ತಿ ಕಾರ್ಡ್ ಆರಿಸಿ. ಮಾಸ್ಟರ್, ಸ್ಪೀಕರ್, ಹೆಡ್‌ಫೋನ್ ಕೆಳಗೆ ‘ಎಂಎಂ’ ಇದ್ದರೆ ಅದು ಮ್ಯೂಟ್ ಆಗಿದೆ. ಎಂ ಕೀ ಒತ್ತಿ ‘00’ ಮಾಡಿ, ಮೇಲಿನ ಬಾಣದ ಕೀ ಒತ್ತಿ ವಾಲ್ಯೂಮ್ ಏರಿಸಿ.