ಜಿಂಕೆ ಬೇಟೆಗೆ .308 ತೋಟೆ ನಾನೇ ತುಂಬುವುದಾದರೆ ಯಾವ ಗುಂಡು ಕೊಳ್ಳಲಿ?

ನಿಮ್ಮ ಊರು ಕೊಡಗಿನ ಪೊನ್ನಂಪೇಟೆ, ಈಗ ಕೆಲಸ ಅಮೆರಿಕದ ಮೊಂಟಾನಾದಲ್ಲಿ. .308 ಅಳತೆಯ ರೈಫಲ್ ಕೊಂಡಿದ್ದೀರಿ, ಖಾಲಿ ತೋಟೆಗೆ ಸಿಡಿಮದ್ದು, ಗುಂಡು ಹಾಕಿ ಮನೆಯಲ್ಲೇ ತುಂಬುವ ಸಾಮಾನೂ ಬಂದಿದೆ. 150 ಗ್ರೇನಿನ (ಗ್ರೇನ್ ಅಂದರೆ ಗುಂಡಿನ ತೂಕದ ಅಳತೆ) ಸಾದಾ ಸಾಫ್ಟ್ ಪಾಯಿಂಟ್ (ತುದಿಯಲ್ಲಿ ಮೆತ್ತನೆಯ ಸೀಸ, ಬಡಿದಾಗ ಅರಳುತ್ತದೆ), 165 ಗ್ರೇನಿನ ಬಾಂಡೆಡ್, 150 ಗ್ರೇನಿನ ಪೂರ್ತಿ ತಾಮ್ರದ್ದು, ಈ ಮೂರರಲ್ಲಿ ಯಾವುದು ಅಂತ ಕೇಳಿದ್ದೀರಿ. ನಾನೂ ಅದೇ ರಾಜ್ಯದಲ್ಲಿ 11 ವರ್ಷ ಇದ್ದು ಬಂದವನು. ಈಗ ಅಮ್ಮತ್ತಿಯಲ್ಲಿ ಕಾಫಿ ತೋಟ ನೋಡಿಕೊಂಡಿದ್ದೇನೆ. ತೋಟೆ ತುಂಬುವ ಕೆಲಸ ನಿಂತಿದೆ. ಯಾಕೆ ಅಂತ ಕೊನೆಗೆ ಹೇಳುತ್ತೇನೆ.

ಬರೀ ಜಿಂಕೆಗಾದರೆ ಸಾದಾ 150 ಸಾಕು. ಎಲ್ಕ್ (ನಮ್ಮ ಕಡವೆಯಂಥ ದೊಡ್ಡ ಜಿಂಕೆ) ಲೈಸೆನ್ಸ್ ಕೂಡ ತೆಗೆದುಕೊಂಡಿದ್ದರೆ 165 ಬಾಂಡೆಡ್. ಅಂಗಡಿಯವನು ಜಾಸ್ತಿ ಬೆಲೆಯದ್ದನ್ನೇ ಮುಂದೆ ಇಡುತ್ತಾನೆ. ಇಡಲಿ ಬಿಡಿ.

ನಾವು ಕೊಡವರು ಕೋವಿ ಕಲಿಯುವುದು ತೆಂಗಿನಕಾಯಿ ಮೇಲೆ ಅಲ್ವಾ? ನಮ್ಮ ಆಯುಧ ಪೂಜೆಯ ಹಬ್ಬ ಕೈಲ್‌ಪೊಳ್ದ್‌ನಲ್ಲಿ ಮರದ ತುದಿಯ ಕಾಯಿಗೆ ಗುಂಡು ತಗುಲಿದರೆ ಕೆಲಸ ಮುಗಿಯಿತು. ಅದರೊಳಗೆ ಗುಂಡು ಏನು ಮಾಡಿತು ಅಂತ ಯಾರೂ ನೋಡುವುದಿಲ್ಲ. ಆ ಅಭ್ಯಾಸದಲ್ಲೇ ನಾನೂ ಅಲ್ಲಿ ಮೊದಲ ಎರಡು ವರ್ಷ ಕಾಗದದ ಗುರಿಯ ಮೇಲೆ ಯಾವ ಗುಂಡು ಹತ್ತಿರ ಹತ್ತಿರ ತೂತು ಮಾಡುತ್ತದೆ ಅಂತಷ್ಟೇ ನೋಡಿ ಆರಿಸುತ್ತಿದ್ದೆ.

ಮೂರನೇ ವರ್ಷ ಸ್ನೇಹಿತನ .300 ವಿಂಚೆಸ್ಟರ್ ಮ್ಯಾಗ್ನಮ್ ಅನ್ನುವ, ಹೆಚ್ಚು ಮದ್ದು ಹಿಡಿಯುವ ರೈಫಲ್‌ಗೆ 150 ಗ್ರೇನಿನ ಸಾದಾ ಗುಂಡು ತುಂಬಿದೆ. ಕಾಗದದ ಮೇಲೆ ಬಹಳ ಚೆನ್ನಾಗಿತ್ತು. ಬೇಟೆಯ ದಿನ ಜಿಂಕೆ ಐವತ್ತು ಗಜದಲ್ಲೇ ಸಿಕ್ಕಿತು. ಗುಂಡು ಭುಜದ ಮೂಳೆಗೆ ಬಡಿದು ಅಲ್ಲೇ ಪುಡಿಯಾಯಿತು, ಎದೆಯೊಳಗೆ ಹೋಗಲೇ ಇಲ್ಲ. ಹಿಮದಲ್ಲಿ ರಕ್ತದ ಜಾಡು ಹಿಡಿದು ಎರಡು ಗಂಟೆ ನಡೆದು ಇನ್ನೊಂದು ಗುಂಡು ಹೊಡೆಯಬೇಕಾಯಿತು. ಮುಂಗಾಲಿನ ಮಾಂಸ ಪೂರ್ತಿ ಹಾಳು. ಆ ಪ್ರಾಣಿಯ ಮುಖ ಈಗಲೂ ನೆನಪಿದೆ.

ತಪ್ಪು ಗುಂಡಿನದ್ದಲ್ಲ, ವೇಗದ್ದು. ಆ ಮ್ಯಾಗ್ನಮ್‌ನಿಂದ 150 ಗ್ರೇನಿನ ಗುಂಡು ಸೆಕೆಂಡಿಗೆ 3,200 ಅಡಿಯ ಹತ್ತಿರ ಹೊರಡುತ್ತದೆ. ನಿಮ್ಮ .308ರಲ್ಲಿ ಅದೇ ಗುಂಡು 2,800ರ ಆಸುಪಾಸು. ತೆಳು ತಾಮ್ರದ ಹೊದಿಕೆ, ಒಳಗೆ ಸೀಸ. ಈ ಹಳೇ ಕಟ್ಟುವಿಕೆಗೆ ಆ ವೇಗ ಹಿತ. ಬಾಂಡೆಡ್‌ನಲ್ಲಿ ಸೀಸ ಹೊದಿಕೆಗೆ ಬೆಸೆದುಕೊಂಡಿರುತ್ತದೆ, ಮೂಳೆಗೆ ಬಡಿದರೂ ತೂಕ ಉಳಿಸಿಕೊಂಡು ಒಳಗೆ ನುಗ್ಗುತ್ತದೆ. ಎಲ್ಕ್‌ನಂಥ ದೊಡ್ಡ ಮೈಗೆ ಅದು ಬೇಕು. ಈ ತೊಂದರೆ ನನಗೊಬ್ಬನಿಗೆ ಬಂದದ್ದೂ ಅಲ್ಲ. 1946ರಲ್ಲಿ ಕೆನಡಾದಲ್ಲಿ ಮೂಸ್ ಅನ್ನುವ ಭಾರೀ ಜಿಂಕೆಯ ಬೇಟೆಗೆ ಹೋದ ಅಮೆರಿಕದ ಬೇಟೆಗಾರ ಜಾನ್ ನೋಸ್ಲರ್ ಅವರ ಗುಂಡುಗಳೂ ಹೀಗೇ ಒಳಗೆ ಹೋಗದೆ ಕೈಕೊಟ್ಟವು. ಅವರು ಮನೆಗೆ ಬಂದು ನಡುವೆ ತಾಮ್ರಲೋಹದ ಗೋಡೆ ಇರುವ ಪಾರ್ಟಿಷನ್ ಗುಂಡು ಮಾಡಿದರು, 1948ರಿಂದ ಮಾರಿದರು. ಅದು ಇವತ್ತಿಗೂ ಸಿಗುತ್ತದೆ.

ಪೂರ್ತಿ ತಾಮ್ರದ್ದು ಕೆಟ್ಟದ್ದಲ್ಲ. ಕ್ಯಾಲಿಫೋರ್ನಿಯಾದಲ್ಲಿ 2019ರ ಜುಲೈನಿಂದ ಬೇಟೆಗೆ ಸೀಸದ ಗುಂಡೇ ಇಲ್ಲ, ಅಲ್ಲಿ ಇದೇ ಗತಿ. ಮಾಂಸದಲ್ಲಿ ಸೀಸದ ಚೂರು ಇರುವುದಿಲ್ಲ, ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಅದೂ ಒಂದು ಲೆಕ್ಕವೇ. ಆದರೆ ತಾಮ್ರ ಸೀಸಕ್ಕಿಂತ ಹಗುರ. ಹಾಗಾಗಿ ಅದೇ 150 ಗ್ರೇನಿಗೆ ಗುಂಡು ಉದ್ದವಾಗುತ್ತದೆ, ತೋಟೆಯೊಳಗೆ ಮದ್ದಿನ ಜಾಗ ತಿನ್ನುತ್ತದೆ, ಒತ್ತಡ ಏರುತ್ತದೆ. ಸೀಸದ 150ರ ಲೆಕ್ಕವನ್ನು ತಾಮ್ರದ 150ಕ್ಕೆ ಹಾಕಲೇಬೇಡಿ. ಗುಂಡು ಬದಲಾದರೆ ಅದನ್ನು ಮಾಡಿದ ಕಂಪನಿಯ ಪುಸ್ತಕ ತೆಗೆದು ಕಡಿಮೆ ಅಳತೆಯಿಂದ ಮತ್ತೆ ಶುರು. ನನ್ನ ಅಜ್ಜ ಕೇಪಿನ ಕೋವಿಗೆ ಬೆರಳಲ್ಲಿ ಅಳೆದು ಮದ್ದು ಹಾಕುತ್ತಿದ್ದರು. ಅದು ಕರಿಮದ್ದು, ಆ ಕಾಲ ಬೇರೆ.

ಬಿ.ಸಿ. (ಬ್ಯಾಲಿಸ್ಟಿಕ್ ಕೋಎಫಿಷಿಯೆಂಟ್) ಅಂಕಿ ಬಗ್ಗೆಯೂ ಕೇಳಿದ್ದೀರಿ. ಗಾಳಿಯನ್ನು ಗುಂಡು ಎಷ್ಟು ಚೆನ್ನಾಗಿ ಸೀಳುತ್ತದೆ ಅನ್ನುವ ಲೆಕ್ಕ ಅದು. ಚಪ್ಪಟೆ ಬುಡದ ಸಾದಾ 150ಕ್ಕೆ 0.34ರ ಹತ್ತಿರ, ಚೂಪು ತುದಿಯ ಬಾಂಡೆಡ್ 165ಕ್ಕೆ 0.47ರ ಹತ್ತಿರ. ನೋಡಲು ದೊಡ್ಡ ವ್ಯತ್ಯಾಸ. ಆದರೆ 200 ಗಜದಲ್ಲಿ ಎರಡೂ ಬೀಳುವುದರಲ್ಲಿ ಒಂದು ಇಂಚಿನ ಅಂತರವೂ ಇರುವುದಿಲ್ಲ. 300 ಗಜ ದಾಟಿದ ಮೇಲೆ ಮಾತ್ರ ತಲೆ ಕೆಡಿಸಿಕೊಳ್ಳಿ. ಅಷ್ಟು ದೂರ ಮೊದಲ ವರ್ಷವೇ ಹೊಡೆಯಲು ಹೋಗಬೇಡಿ ಅನ್ನುವುದು ನನ್ನ ಮಾತು. ದೂರ ಹೋದಷ್ಟೂ ವೇಗ ಕುಗ್ಗುತ್ತದೆ. ಸುಮಾರು 1,800ರಿಂದ 2,000 ಅಡಿಗಿಂತ ಕೆಳಗಾದರೆ ಎಷ್ಟೋ ಗುಂಡುಗಳು ಸರಿಯಾಗಿ ಅರಳುವುದೇ ಇಲ್ಲ, ಸಣ್ಣ ತೂತು ಮಾಡಿ ಆಚೆ ಹೋಗುತ್ತವೆ. ತಾಮ್ರದವು ಈ ವಿಷಯದಲ್ಲಿ ಇನ್ನೂ ಹಟಮಾರಿ.

ಹೋಲಿಸುವಾಗ ಮೂರು ಗುಂಡು ಹೊಡೆದು ತೀರ್ಪು ಕೊಡಬೇಡಿ, ಮೂರು ಒಟ್ಟಿಗೆ ಬೀಳುವುದು ಅದೃಷ್ಟವೂ ಆಗಿರಬಹುದು. 100 ಗಜದಲ್ಲಿ ಐದೈದರಂತೆ ಎರಡು ಮೂರು ಸಲ, ನಳಿಗೆ ತಣ್ಣಗಾಗಲು ಬಿಟ್ಟು ಹೊಡೆಯಿರಿ. ಜಿಂಕೆಯ ಹೃದಯ, ಶ್ವಾಸಕೋಶದ ಜಾಗ ಹೆಚ್ಚು ಕಡಿಮೆ ಎಂಟು ಇಂಚು. ಒಂದು ಬಗೆಯ ಗುಂಡುಗಳು ಒಂದು ಇಂಚಿನೊಳಗೆ, ಇನ್ನೊಂದು ಬಗೆಯವು ಒಂದೂವರೆ ಇಂಚಿನೊಳಗೆ ಬಿದ್ದರೆ 200 ಗಜದೊಳಗಿನ ಜಿಂಕೆಗೆ ಎರಡೂ ಒಂದೇ. ಆ ಅರ್ಧ ಇಂಚಿಗಾಗಿ ನಾನು ಸುಮ್ನೆ ಒಂದು ಚಳಿಗಾಲ ಕಳೆದಿದ್ದೇನೆ.

ಇನ್ನು ನಾನು ಯಾಕೆ ನಿಲ್ಲಿಸಿದೆ ಅಂದರೆ, ಇಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಿಂದ ಬೇಟೆ ಇಲ್ಲ. ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಳ್ಳಲು ನಮಗಿರುವ ವಿನಾಯಿತಿಯನ್ನು 2029ರವರೆಗೆ ಮುಂದುವರಿಸಿದ್ದಾರೆ, ನಿಜ. ಆದರೆ ಅದು ಕೋವಿಗೆ, ಮನೆಯಲ್ಲಿ ತೋಟೆ ತಯಾರಿಸಲು ಅಲ್ಲ. ಹಾಗಾಗಿ ಮುಂದಿನ ಕೈಲ್‌ಪೊಳ್ದ್‌ಗೆ ಊರಿಗೆ ಬರುವಾಗ ಅಲ್ಲಿ ತುಂಬಿದ ತೋಟೆ ಒಂದೂ ಬ್ಯಾಗಿನಲ್ಲಿ ಉಳಿದಿಲ್ಲ ಅಂತ ಎರಡು ಸಲ ನೋಡಿಕೊಳ್ಳಿ. ತೆಂಗಿನಕಾಯಿಗೆ ಬೇಕಾದ 12 ಬೋರಿನ ತೋಟೆ ನಮ್ಮ ಮನೆಯಲ್ಲೇ ಇದೆ.