ಬಣ್ಣದ ಇ-ರೀಡರ್‌ಗೆ ಹೋಗಬೇಕಾ? ಕನ್ನಡ ಓದುವವರ ಲೆಕ್ಕ ಸ್ವಲ್ಪ ಬೇರೆ

ನಿಮ್ಮ ಪ್ರಶ್ನೆ ನೋಡಿದೆ. ಕೈಯಲ್ಲಿರುವುದು 2018ರ ಆರು ಇಂಚಿನ ಪೇಪರ್‌ವೈಟ್, ಅಂದರೆ ಅಮೆಜಾನ್‌ನ ಕಪ್ಪು-ಬಿಳುಪು ಕಿಂಡಲ್ ಇ-ರೀಡರ್. ಓದುವುದು ಕನ್ನಡ ಕಾದಂಬರಿ, ಜೊತೆಗೆ ಹಳೆಯ ಪುಸ್ತಕಗಳ ಸ್ಕ್ಯಾನ್ ಪಿಡಿಎಫ್. ಆರು ವರ್ಷದ ಮಗಳಿಗೆ ಚಿತ್ರದ ಕತೆ ತೋರಿಸುವ ಆಸೆಯೂ ಇದೆ. ಅದಕ್ಕೆ ಏಳು ಇಂಚಿನ ಬಣ್ಣದ ರೀಡರ್ ತಗೊಳ್ಳಲಾ ಅಂತ ಕೇಳಿದ್ದೀರಿ. ನಿಮ್ಮ ಓದಿಗೆ ಬೇಡ ಅನ್ನುತ್ತೇನೆ. ಬದಲಾಯಿಸುವುದೇ ಆದರೆ ಇನ್ನಷ್ಟು ದುಡ್ಡು ಕೂಡಿಸಿ ದೊಡ್ಡ ಕಪ್ಪು-ಬಿಳುಪು ಪರದೆ ತಗೊಳ್ಳಿ.

ಕಿಂಡಲ್ ಕಲರ್‌ಸಾಫ್ಟ್, ಕೋಬೊ ಲಿಬ್ರಾ ಕಲರ್, ಬೂಕ್ಸ್ ಗೋ ಕಲರ್ 7, ಈ ಮೂರು ಬಣ್ಣದ ರೀಡರ್‌ಗಳ ಒಳಗೂ ಕೆಲಸ ಮಾಡುವುದು, ಕಾಗದದಂಥ ಪರದೆ ಮಾಡುವ ಇ-ಇಂಕ್ ಕಂಪನಿಯ ಕೆಲೀಡೊ ಅನ್ನುವ ಬಣ್ಣದ ತಂತ್ರವೇ. ಕೆಳಗೆ ಮಾಮೂಲಿ ಕಪ್ಪು-ಬಿಳುಪು ಪರದೆ, ಅದರ ಮೇಲೆ ಕೆಂಪು, ಹಸಿರು, ನೀಲಿ ಚುಕ್ಕೆಗಳ ತೆಳು ಫಿಲ್ಟರ್. ಬೆಳಕು ಈ ಫಿಲ್ಟರ್ ದಾಟಿ ಒಳಗೆ ಹೋಗಬೇಕು, ಮತ್ತೆ ಅದನ್ನೇ ದಾಟಿ ಹೊರಗೆ ಬರಬೇಕು. ಎರಡು ಸಲವೂ ಬೆಳಕು ಸೋರಿಹೋಗುತ್ತದೆ. ಹಾಗಾಗಿ ಹಾಳೆ ಬೂದು ಬಣ್ಣಕ್ಕೆ ತಿರುಗಿದಂತೆ ಕಾಣುತ್ತದೆ. ನಿಮ್ಮ ಪೇಪರ್‌ವೈಟ್‌ನಲ್ಲಿ ಹಗಲು ಹೊತ್ತು ಕಿಟಕಿ ಪಕ್ಕ ರೀಡರಿನ ಒಳದೀಪ ಆರಿಸಿ ಓದುತ್ತೀರಿ ಅಲ್ವಾ? ಬಣ್ಣದ ಪರದೆಯಲ್ಲಿ ಮನೆಯೊಳಗೆ ಆ ಒಳದೀಪ ಹಚ್ಚಿಕೊಂಡೇ ಓದಬೇಕು ಅನ್ನಿಸುತ್ತದೆ. ಬ್ಯಾಟರಿಯೂ ಅಷ್ಟು ಬೇಗ ಇಳಿಯುತ್ತದೆ.

ಈಗಿನ ಕೆಲೀಡೊ 3ರಲ್ಲಿ ಕಪ್ಪು ಅಕ್ಷರ 300 ಪಿಪಿಐ (ಒಂದು ಇಂಚಿನಲ್ಲಿ ಕೂರುವ ಚುಕ್ಕೆಗಳ ಲೆಕ್ಕ), ಬಣ್ಣ 150 ಪಿಪಿಐ. ಒಟ್ಟು 4096 ಬಣ್ಣ. ಬರೀ ಲೆಕ್ಕದಲ್ಲಿ 300 ಅಂದರೆ ನಿಮ್ಮ ಹಳೆಯದರಷ್ಟೇ ಚೂಪು. ಆದರೆ ಫಿಲ್ಟರ್ ಅಡ್ಡ ಬರುವುದರಿಂದ ಅಕ್ಷರದ ಕಪ್ಪು ಸ್ವಲ್ಪ ತೆಳುವಾಗುತ್ತದೆ. ಇಂಗ್ಲಿಷ್ ಓದುವವರಿಗೆ ಇದು ಅಷ್ಟು ತಟ್ಟುವುದಿಲ್ಲ. ನಮಗೆ ತಟ್ಟುತ್ತದೆ, ಯಾಕೆಂದರೆ ನಮ್ಮ ಒತ್ತಕ್ಷರಗಳು ಸಾಲಿನ ಕೆಳಗೆ ಪುಟ್ಟದಾಗಿ ಕೂರುತ್ತವೆ. 'ಸ್ತ್ರೀ', 'ರಾಷ್ಟ್ರ' ಥರದ ಪದಗಳಲ್ಲಿ ಒತ್ತಿನ ಗೆರೆ ತೆಳುವಾದರೆ ಕಣ್ಣು ಅಲ್ಲಿ ಒಂದು ಕ್ಷಣ ನಿಲ್ಲುತ್ತದೆ. ಅಕ್ಷರ ದೊಡ್ಡದು ಮಾಡಿ, ದಪ್ಪ ಫಾಂಟ್ ಹಾಕಿ ಸರಿಮಾಡಿಕೊಳ್ಳಬಹುದು. ಆದರೆ ಆರು ಇಂಚಿನಿಂದ ಏಳಕ್ಕೆ ಹೋಗಿ ಗಳಿಸಿದ ಜಾಗ ಅದಕ್ಕೇ ಖರ್ಚಾಗುತ್ತದೆ.

ಈಗ ಸ್ಕ್ಯಾನ್ ಪಿಡಿಎಫ್ ವಿಷಯ. ನನ್ನ ಪ್ರಕಾರ ನಿಮ್ಮ ತೀರ್ಮಾನ ನಿಲ್ಲಬೇಕಾದದ್ದು ಇದರ ಮೇಲೆಯೇ. ಇಂಟರ್ನೆಟ್ ಆರ್ಕೈವ್‌ನಲ್ಲಿ ಸಿಗುವ ಕನ್ನಡ ಪುಸ್ತಕಗಳಲ್ಲಿ ಅಕ್ಷರ ದೊಡ್ಡದು ಮಾಡುವ ದಾರಿ ಇಲ್ಲ, ಪುಟವೇ ಒಂದು ಚಿತ್ರ. ಡೆಮ್ಮಿ ಅಷ್ಟಮ ಅನ್ನುವ ಮಾಮೂಲಿ ಅಳತೆಯ ಪುಸ್ತಕದ ಪುಟ ಸುಮಾರು 5.5 ಇಂಚು ಅಗಲ, 8.5 ಇಂಚು ಎತ್ತರ. ಪರದೆಯ ಇಂಚು ಮೂಲೆಯಿಂದ ಮೂಲೆಗೆ ಅಳೆದದ್ದು, ಹಾಗಾಗಿ ನಿಮ್ಮ ಆರು ಇಂಚಿನ ಪರದೆಯ ಅಗಲ ಬರೀ 3.6 ಇಂಚು. ಏಳು ಇಂಚಿನದಕ್ಕೆ 4.2. ಇನ್ನೂ ಪುಟ ಕುಗ್ಗಿಸಿಯೇ ಓದಬೇಕು. 10.3 ಇಂಚಿನ ಪರದೆ ಸುಮಾರು 6.2 ಅಗಲ, 8.2 ಎತ್ತರ ಇರುತ್ತದೆ. ಅಲ್ಲಿ ಪುಸ್ತಕದ ಪುಟ ಹೆಚ್ಚುಕಡಿಮೆ ಅದರ ನಿಜವಾದ ಅಳತೆಯಲ್ಲೇ ಕಾಣುತ್ತದೆ. ಇಂಥ ಪುಸ್ತಕ ದಿನಾ ಓದುವವರಿಗೆ ಇದಕ್ಕಿಂತ ದೊಡ್ಡ ಸುಖ ಇಲ್ಲ, ಇದನ್ನು ಪೂರ್ತಿ ಮನಸ್ಸಿನಿಂದ ಹೇಳುತ್ತಿದ್ದೇನೆ. ಇನ್ನೊಂದು ಮಾತು. ಹಳೆಯ ಪುಸ್ತಕದ ಸ್ಕ್ಯಾನ್‌ಗಳಲ್ಲಿ ಹಾಳೆಯ ಹಳದಿ ಬಣ್ಣವೂ ಸೇರಿರುತ್ತದೆ. ಬಣ್ಣದ ಪರದೆ ಆ ಹಳದಿಯನ್ನೂ ತೋರಿಸಲು ಹೋಗಿ ಪುಟವನ್ನು ಇನ್ನಷ್ಟು ಮಬ್ಬು ಮಾಡುತ್ತದೆ.

ದುಡ್ಡು ಖರ್ಚು ಮಾಡುವ ಮೊದಲು ಒಂದು ಕೆಲಸ ಮಾಡಿ. ಕೆ2ಪಿಡಿಎಫ್‌ಆಪ್ಟ್ ಅಂತ ಪುಕ್ಕಟೆ ಸಾಫ್ಟ್‌ವೇರ್ ಇದೆ. ಅದು ಸ್ಕ್ಯಾನ್ ಪುಟದ ಅಂಚು ಕತ್ತರಿಸಿ, ಸಾಲುಗಳನ್ನು ಚಿಕ್ಕ ಪರದೆಗೆ ಮರುಜೋಡಿಸಿ ಕೊಡುತ್ತದೆ. ಒತ್ತಕ್ಷರ ಮೇಲಿನ ಸಾಲಿನಿಂದ ಬೇರೆಯಾಗಿಬಿಟ್ಟರೆ ಮರುಜೋಡಣೆ ಬಿಡಿ. ಬರೀ ಅಂಚು ಕತ್ತರಿಸಿ, ರೀಡರನ್ನು ಅಡ್ಡ ಹಿಡಿದು ಅರ್ಧರ್ಧ ಪುಟ ಓದಿ. ಇಷ್ಟರಲ್ಲೇ ನಿಮ್ಮ ಹಳೆಯ ಪೇಪರ್‌ವೈಟ್ ಇನ್ನೂ ಒಂದೆರಡು ವರ್ಷ ಓಡಬಹುದು.

ಕಾದಂಬರಿ ಎಲ್ಲಿಂದ ತರುತ್ತೀರಿ ಅನ್ನುವುದೂ ಮುಖ್ಯ. 2016ರಲ್ಲಿ ಕಿಂಡಲ್ ಅಂಗಡಿ ಐದು ಭಾರತೀಯ ಭಾಷೆಗಳ ಪುಸ್ತಕ ಶುರು ಮಾಡಿದಾಗ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಇದ್ದವು. ಕನ್ನಡ ಇರಲಿಲ್ಲ. ನಾವು ಕನ್ನಡ ಇ-ಪುಸ್ತಕಕ್ಕೆ ಗೂಗಲ್ ಪ್ಲೇ ಬುಕ್ಸ್, ಮೈಲ್ಯಾಂಗ್ ಥರದ ಆಪ್‌ಗಳ ಕಡೆಗೆ ಹೋದವರು. ಹಾಗಾಗಿ ಬೂಕ್ಸ್‌ನಂಥ ಆಂಡ್ರಾಯ್ಡ್ ರೀಡರ್ ಆದರೆ ಆ ಆಪ್‌ಗಳನ್ನೇ ಅದರಲ್ಲಿ ಹಾಕಿಕೊಳ್ಳಬಹುದು. ಕನ್ನಡದವರಿಗೆ ಬಣ್ಣಕ್ಕಿಂತ ಇದು ಎಷ್ಟೋ ಪಾಲು ಜಾಸ್ತಿ ಉಪಯೋಗ. ವಿದೇಶದಿಂದ ತರಿಸುವುದಾದರೆ ವಾರಂಟಿ ಇಲ್ಲಿ ನಡೆಯುತ್ತದಾ, ಸುಂಕ ಸೇರಿ ಎಷ್ಟಾಗುತ್ತದೆ, ಎರಡನ್ನೂ ಮೊದಲೇ ಕೇಳಿಕೊಳ್ಳಿ.

ಮಗಳ ವಿಷಯ ಬಿಟ್ಟಿಲ್ಲ. ಬೆಂಗಳೂರಿನ ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್‌ನಲ್ಲಿ ಕನ್ನಡ ಚಿತ್ರಪುಸ್ತಕಗಳು ಪುಕ್ಕಟೆ ಸಿಗುತ್ತವೆ, ಇಳಿಸಿಕೊಳ್ಳಲೂಬಹುದು. ತುಂಬಾ ಚೆನ್ನಾಗಿವೆ. ಆದರೆ ಆ ಗಾಢ ಬಣ್ಣಗಳು ಕೆಲೀಡೊದಲ್ಲಿ ಪತ್ರಿಕೆಯ ಪುರವಣಿಯಲ್ಲಿ ಅಚ್ಚಾದ ಫೋಟೊದಷ್ಟು ಸಪ್ಪೆ ಕಾಣುತ್ತವೆ. ಚಿತ್ರದೊಳಗೆ ಸಣ್ಣ ಅಕ್ಷರ ಇದ್ದರೆ ಅದೂ ಮಸುಕು. ಪುಟ ತಿರುಗಿಸಿದಾಗ ಹಿಂದಿನ ಚಿತ್ರದ ನೆರಳು ಉಳಿಯುವುದೂ ಉಂಟು. ಆ ವಯಸ್ಸಿನ ಮಗುವಿಗೆ ಅಚ್ಚಾದ ಪುಸ್ತಕವೇ ಒಳ್ಳೆಯದು. ಪರದೆಯೇ ಬೇಕಾದರೆ ಮನೆಯಲ್ಲಿರುವ ಟ್ಯಾಬ್ ಸಾಕು, ಪಕ್ಕದಲ್ಲಿ ಕೂತು ಓದಿಸಿ.

ಬಣ್ಣ ಯಾರಿಗೆ ಬೇಕು ಅಂದರೆ, ಕಾಮಿಕ್ಸ್ ಜಾಸ್ತಿ ಓದುವವರಿಗೆ, ಹಕ್ಕಿ-ಗಿಡಗಳ ಕೈಪಿಡಿ ನೋಡುವವರಿಗೆ, ನಕ್ಷೆ-ಗ್ರಾಫ್ ಇರುವ ಪಠ್ಯ ಓದುವ ವಿದ್ಯಾರ್ಥಿಗಳಿಗೆ, ನಾಲ್ಕು ಬಣ್ಣದಲ್ಲಿ ಗುರುತು ಹಾಕಿ ಮತ್ತೆ ಹುಡುಕುವವರಿಗೆ. ಅವರು ಧೈರ್ಯವಾಗಿ ತಗೊಳ್ಳಲಿ. ಸೆಕೆಂಡ್ ಹ್ಯಾಂಡ್ ನೋಡುವವರು ಮಾತ್ರ ಕೆಲೀಡೊ 3 ಹೌದಾ ಅಂತ ಖಾತ್ರಿ ಮಾಡಿಕೊಳ್ಳಬೇಕು. ಅದು ಬಂದದ್ದು 2022ರಲ್ಲಿ. ಅದಕ್ಕಿಂತ ಹಿಂದಿನವುಗಳಲ್ಲಿ ಬಣ್ಣ ಇನ್ನೂ ಒರಟು.

ಇಷ್ಟಾದರೂ ಮನಸ್ಸು ಬಣ್ಣದ ಕಡೆಗೇ ಎಳೆದರೆ, ಅಂಗಡಿಯಲ್ಲಿ ಅಥವಾ ಗೆಳೆಯರ ಬಳಿ ಸಿಕ್ಕಾಗ ಎರಡೂ ರೀಡರ್ ಪಕ್ಕಪಕ್ಕ ಇಟ್ಟು, ಒಳದೀಪ ಪೂರ್ತಿ ಆರಿಸಿ, ಒಂದೇ ಕನ್ನಡ ಪುಟ ತೆರೆಯಿರಿ. ಆಮೇಲೆ ದೀಪ ಹಚ್ಚಿ ನೋಡಿ. ನಿಮ್ಮ ಪಿಡಿಎಫ್‌ಗಳಲ್ಲಿ ಒಂದೆರಡನ್ನು ಪೆನ್‌ಡ್ರೈವ್‌ನಲ್ಲೋ ಫೋನಿನಲ್ಲೋ ಜೊತೆಗೆ ಒಯ್ಯಿರಿ, ಅಂಗಡಿಯವರು ತೋರಿಸುವ ಬಣ್ಣಬಣ್ಣದ ಮುಖಪುಟ ನೋಡಿ ತೀರ್ಮಾನ ಮಾಡಬೇಡಿ. 10.3 ಇಂಚಿನದು ಹುಡುಕುವುದಾದರೆ ನಿಮ್ಮ ಬಜೆಟ್ ಎಷ್ಟು ಅಂತ ಇಲ್ಲೇ ಬರೆಯಿರಿ, ಯಾವುದು ಸರಿಹೋಗುತ್ತದೆ ನೋಡೋಣ.